ಹದಿನಾರರ ಮಗ್ಗಿ ಹಾಡಿದ ರವಿವಾರ

ನಮ್ಮ ಶಾಲೆಗೆ ಗಂಟೆ ಇರಲಿಲ್ಲ, ಬೀಸುವ ಕಲ್ಲಿತ್ತು. ಬೆಳಗಿನ ಜಾವ ಅವ್ವ ಕಲ್ಲಿನ ಗೂಟ ಹಿಡಿದು ಮೊದಲ ಸುತ್ತು ತಿರುಗಿಸಿದಳೆಂದರೆ ಶಾಲೆ ಶುರು. ಔರಾದಿನ ನಮ್ಮ ಮಣ್ಣಿನ ಮನೆಯಲ್ಲಿ ಅಡುಗೆಮನೆಯೇ ತರಗತಿ, ಅವ್ವನೇ ಪಂತೋಜಿ. ವಿದ್ಯಾರ್ಥಿಗಳು ನಾವು ಮೂವರು: ನಾನು ದೊಡ್ಡವಳು, ಹನ್ನೆರಡರ ಹತ್ತಿರ ಬಂದವಳು; ನನ್ನ ಬೆನ್ನಿಗೆ ಬಿದ್ದ ತಮ್ಮ; ಇನ್ನೂ ಹಾಲುಹಲ್ಲು ಬೀಳದ ತಂಗಿ.

ಹಲಗೆ ಬಳಪ ನಮಗೆಲ್ಲಿಂದ ಬರಬೇಕು? ಅವ್ವ ಮೊರದಲ್ಲಿ ಜೋಳದ ಹಿಟ್ಟು ಹರಡಿ ಕೊಡುತ್ತಿದ್ದಳು. ಅದರ ಮೇಲೆ ಬೆರಳಿಂದ ಬರೆಯಬೇಕು. ತಪ್ಪಿದರೆ ಅಂಗೈಯಿಂದ ಸವರಿ ಅಳಿಸುವಳು. ಪಾಠ ಮುಗಿದ ಮೇಲೆ ಅದೇ ಹಿಟ್ಟು ರೊಟ್ಟಿಯಾಗುತ್ತಿತ್ತು. ತಮ್ಮನ ಸೊಟ್ಟ ಅಕ್ಷರಗಳನ್ನೆಲ್ಲ ತಿಂದೇ ನನ್ನ ಹೊಟ್ಟೆ ಕೆಟ್ಟಿತೆಂದು ಈ ವಯಸ್ಸಿನಲ್ಲೂ ಅವನನ್ನು ಚುಡಾಯಿಸುತ್ತೇನೆ. ಅವನು ಮಾತ್ರ, ನಿನಗೆ ಬುದ್ಧಿ ಬಂದಿದ್ದೇ ನನ್ನ ಅಕ್ಷರ ತಿಂದು ಎನ್ನುತ್ತಾನೆ.

ಊರಲ್ಲಿ ಶಾಲೆ ಇರಲಿಲ್ಲವೆಂದಲ್ಲ. ನಿಜಾಮರ ಸರಕಾರದ ಶಾಲೆಯಿತ್ತು, ಪಾಠವೆಲ್ಲ ಉರ್ದುವಿನಲ್ಲಿ. ಆದರೆ ನಮ್ಮಂಥ ಕೆಳಗೇರಿಯವರ ಮಕ್ಕಳು ಕಟ್ಟೆಯ ಕೆಳಗೆ, ಬಿಸಿಲಲ್ಲಿ ಕೂತು ಕೇಳಿಸಿಕೊಳ್ಳಬೇಕಿತ್ತು. ಅಪ್ಪ ಹಳ್ಳಿಹಳ್ಳಿ ತಿರುಗಿ ಯೇಸುಸ್ವಾಮಿಯ ಮಾತು ಹೇಳುವ ಬೋಧಕ. ಒಮ್ಮೆ ತಮ್ಮನ ಕೈ ಹಿಡಿದು ಆ ಶಾಲೆಯವರೆಗೆ ಹೋದವನು, ಕಟ್ಟೆ ನೋಡಿ ಹಾಗೇ ತಿರುಗಿ ಬಂದ.

"ದೇವರ ಮುಂದ ಎಲ್ಲಾರೂ ಒಂದ ಚಾಪಿ ಮ್ಯಾಲ ಕೂಡ್ರಿ ಅಂತ ಊರಿಗೆಲ್ಲ ಹೇಳ್ತೇನಿ. ನನ್ನ ಮಗ ಮಾತ್ರ ಯಾಕ ಕೆಳಗ ಕೂಡಬೇಕು?" ಅಂದ.

ಇನ್ನೊಂದು ದಾರಿ ಬೀದರದ ಮಿಷನ್ನಿನ ಬೋರ್ಡಿಂಗು. ಬೋಧಕರ ಮಕ್ಕಳೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಬಟ್ಟೆ, ಊಟ, ಬೆಂಚು, ಗಂಟೆ, ಎಲ್ಲವೂ ಇದ್ದ ಶಾಲೆ. ಅವ್ವ ಕೂಡ ಅಲ್ಲೇ ಬೆಳೆದವಳು ಎಂದಷ್ಟೇ ನಮಗೆ ಗೊತ್ತಿತ್ತು. ಅದರ ಬಗ್ಗೆ ಕೇಳಿದರೆ ಅವಳು ರೊಟ್ಟಿ ಬಡಿಯುವ ಸದ್ದು ಜೋರು ಮಾಡುತ್ತಿದ್ದಳು. ಮಕ್ಕಳನ್ನು ಕಳಿಸುವ ಮಾತೆತ್ತಿದರಂತೂ, "ನನ್ನ ಮಕ್ಕಳು ನನ್ನ ಮನ್ಯಾಗ ಕಲೀತಾರ," ಎಂದು ಅಲ್ಲಿಗೇ ಮುಗಿಸುತ್ತಿದ್ದಳು. ಮದುವೆಯಾದ ಮೇಲೆ ಅವಳು ಬೀದರಕ್ಕೆ ಕಾಲಿಟ್ಟಿರಲೂ ಇಲ್ಲ. ಸಭೆಗಳಿಗೆ ಅಪ್ಪ ಒಬ್ಬನೇ ಹೋಗಿ ಬರುತ್ತಿದ್ದ.

ಮಗ್ಗಿ ಕಲಿಸುವುದರಲ್ಲಿ ಅವ್ವನದೇ ಒಂದು ರೀತಿ. ಅಪ್ಪ ಊರ ಜನಕ್ಕೆ ಕಲಿಸುತ್ತಿದ್ದ ಹಾಡುಗಳು ದಮ್ಮಡಿ ಬಡಿದು ಹಾಡುವಂಥವು, ಭಜನೆಯ ಧಾಟಿಯವು. ಅವ್ವನ ಮಗ್ಗಿಯ ಧಾಟಿಗಳು ಬೇರೆ. ನಿಧಾನಕ್ಕೆ ಏರಿ, ಮೇಲೆ ಒಂದು ಗಳಿಗೆ ನಿಂತು, ಮೆಲ್ಲಗೆ ಇಳಿಯುವಂಥವು. ಹನ್ನೆರಡಕ್ಕೆ ಒಂದು, ಹದಿಮೂರಕ್ಕೆ ಒಂದು. ಎಲ್ಲಕ್ಕಿಂತ ಸೊಗಸಾದದ್ದು ಹದಿನಾರರದ್ದು. ರೂಪಾಯಿಗೆ ಹದಿನಾರಾಣೆ, ಅದು ಬರದಿದ್ದರೆ ಸಂತೆಯಲ್ಲಿ ಮೋಸ ಹೋಗ್ತೀರಿ ಎಂದು ಅವ್ವ ಅದನ್ನು ದಿನಾ ಹಾಡಿಸುತ್ತಿದ್ದಳು. ಕೇರಿಯಾಚೆಯ ಮೊದಲ ಮನೆಯ ಲಿಂಗಾಯತ ಅಜ್ಜಿ ಲಿಂಗಪೂಜೆಗೆ ಕೂತಲ್ಲಿಂದಲೇ, "ಇವತ್ತ ಹದಿಮೂರರದ್ದು ಬಿಟ್ಟೀರಲ್ಲವ್ವಾ," ಎಂದು ಕೂಗಿ ನೆನಪಿಸುವಳು. ಆ ಧಾಟಿಗಳು ಎಲ್ಲಿಂದ ಬಂದವೆಂದು ನಾವು ಕೇಳಲಿಲ್ಲ. ಮನೆಯ ಬಾವಿ ತೋಡಿದವರು ಯಾರೆಂದು ಮಕ್ಕಳು ಕೇಳುತ್ತಾರೆಯೇ?

ಆ ವರ್ಷ ಬೀದರದ ಮಿಷನ್ನಿಗೆ ಹೊಸ ಬಿಳಿಯ ದೊರೆಸಾನಿ ಬಂದರು. ಬೋರ್ಡಿಂಗು ಅವರ ಕೈಗೆ ಬಂತು. ಬೋಧಕರ ಮಕ್ಕಳು ಮನೆಯಲ್ಲೇಕೆ ಇದ್ದಾರೆಂದು ಅಪ್ಪನನ್ನು ಕೇಳಿದರಂತೆ. ಅಪ್ಪ ಕೈ ಮುಗಿದು ಏನೇನೋ ಹೇಳಿ ಒಂದು ಒಪ್ಪಂದ ಮಾಡಿಕೊಂಡು ಬಂದ. ಮಕ್ಕಳನ್ನು ಬೀದರಕ್ಕೆ ಕರೆತರಬೇಕು. ದೊರೆಸಾನಿ ಪರೀಕ್ಷೆ ಮಾಡುವರು. ಬೋರ್ಡಿಂಗಿನ ಮಕ್ಕಳಷ್ಟು ಬಂದರೆ ವಾಪಸು ಕರೆದೊಯ್ಯಬಹುದು. ಬರದಿದ್ದರೆ ಮೂವರನ್ನೂ ಅಲ್ಲೇ ಬಿಟ್ಟು ಹೋಗಬೇಕು.

ಅವ್ವ ಆ ದಿನ ಉಣ್ಣಲಿಲ್ಲ. ನನಗೋ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀದರ! ಕೋಟೆ, ಚೌಬಾರಾ ಬುರುಜು, ಬಣ್ಣದ ಹೆಂಚು ಹಚ್ಚಿದ ಮದರಸಾದ ಮಿನಾರು, ಕರಿಯ ಹೂಜಿಗೆ ಬೆಳ್ಳಿ ತಂತಿ ಕೂಡಿಸುವ ಕುಶಲಗಾರರು, ಎಲ್ಲವನ್ನೂ ಅಪ್ಪನ ಬಾಯಲ್ಲಿ ಕೇಳಿ ಕೇಳಿ ಹುಚ್ಚಾಗಿದ್ದೆ. ಪರೀಕ್ಷೆಯೆಂದರೆ ನನಗೆ ಹೆದರಿಕೆಯೇ ಇರಲಿಲ್ಲ. ಬಂದದ್ದೆಲ್ಲ ಬರಲಿ ಎಂದು ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟಿದವಳೇ ನಾನು.

ಬಂಡಿ ಹತ್ತಿದಾಗ ಅವ್ವ ಎಂದಿನಂತೆ ತಲೆ ಮುಟ್ಟಿದಳು. ಇದೊಂದು ಅವಳ ಚಾಳಿ. ಬಂಡಿ ಹತ್ತಿದರೆ ಸಾಕು, ನನ್ನ ತಲೆ, ತಮ್ಮನ ತಲೆ, ತಂಗಿಯ ತಲೆ ಮುಟ್ಟಿ, "ಎಲ್ಲಾರೂ ಅದೀರೇನು?" ಎಂದು ಕೇಳುವಳು. ಎದುರಿಗೇ ಕೂತಿರುತ್ತೇವೆ, ಆದರೂ ಕೇಳುವಳು. ಹಳ್ಳ ದಾಟಿದರೆ ಮತ್ತೆ, ನೀರು ಕುಡಿಯಲು ಇಳಿದು ಹತ್ತಿದರೆ ಮತ್ತೆ.

"ನಾವೇನ ಕುರಿ ಏನವ್ವಾ, ಎಣಿಸ್ಲಿಕ್ಕ?" ಎಂದು ನಾನು ರೇಗುತ್ತಿದ್ದೆ.

"ಕುರಿ ಆಗಿದ್ರ ಚಲೋ ಇತ್ತು, ಇಷ್ಟು ಮಾತಾಡ್ತಿದ್ದಿಲ್ಲ," ಎನ್ನುವಳು.

ಠಾಣಾ ಕುಶನೂರ ದಾಟಿ, ಮಾಂಜ್ರಾ ನದಿಯ ಮೊಳಕಾಲುದ್ದದ ನೀರಿನಲ್ಲಿ ಬಂಡಿ ಇಳಿಸಿ, ಭಾಲ್ಕಿಯಲ್ಲಿದ್ದ ಸೋದರತ್ತೆಯ ಮನೆಗೆ ಬಂದೆವು. ಅಪ್ಪನ ಅಕ್ಕ ಅವಳು. ತನ್ನ ಮಕ್ಕಳನ್ನೆಲ್ಲ ಬೋರ್ಡಿಂಗಿಗೆ ಹಾಕಿ, ಅದನ್ನು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುವವಳು. ಕಾಲಿಗೆ ನೀರು ಕೊಡುವುದಕ್ಕೂ ಮೊದಲು ತಮ್ಮನನ್ನು ಹಿಡಿದು ನಿಲ್ಲಿಸಿ, "ಹದಿನಾರೇಳ್ಲೆ ಎಷ್ಟೋ?" ಅಂದಳು.

ತಮ್ಮ ಕಣ್ಣು ಮುಚ್ಚಿ ಹಾಡತೊಡಗಿದ. "ಹದಿನಾರೊಂದ್ಲೆ ಹದಿನಾರು..."

ಅತ್ತೆ ನಕ್ಕಿದ್ದೇ ನಕ್ಕಿದ್ದು. "ಏಳು ಕೇಳಿದ್ರ ಒಂದರಿಂದ ಹೊಂಟಾನ ನೋಡ್ರಿ. ಹೆತ್ತವರಿಗಿ ಹೆಗ್ಗಣ ಮುದ್ದು, ಖರೇ. ಆದ್ರ ದೊರೆಸಾನಿಗಿ ಮುದ್ದ ಆಗಂಗಿಲ್ಲವ್ವಾ. ಅಲ್ಲಿ ಹಾಡಿದ್ರ ನಡಿಯಂಗಿಲ್ಲ, ಹೇಳಬೇಕು. ಮೂರೂ ಅಲ್ಲೇ ಉಳೀತಾವ, ಬರದು ಇಟ್ಕೋ."

ನನಗೆ ಮೈ ಉರಿದುಹೋಯಿತು. "ನಿಮ್ಮ ಮಕ್ಕಳಿಗಿ ಬರ್ತದೇನ್ರಿ ಅತ್ತಿ?" ಎಂದು ಕೇಳಿಬಿಟ್ಟೆ. ಅವ್ವ ನನ್ನ ತೊಡೆ ಚಿವುಟಿದಳು. ಆದರೆ ಅವಳ ಮುಖ ಬಿಳಚಿಕೊಂಡಿತ್ತು.

ಮರುದಿನ ಬೀದರದ ದಾರಿಯುದ್ದಕ್ಕೂ ಬಂಡಿಯಲ್ಲೇ ಶಾಲೆ ನಡೆಯಿತು. "ಹಾಡಬ್ಯಾಡ್ರಿ, ಹೇಳ್ರಿ," ಎಂದು ಅವ್ವ. ಅಷ್ಟು ವರ್ಷ ಹಾಡಿಸಿದವಳೇ ಈಗ ಹಾಡಬೇಡಿ ಎಂದರೆ ಹೇಗೆ? ನಾನು ಹೇಗೋ ಹೇಳಿದೆ. ತಮ್ಮ ಮಾತ್ರ ಧಾಟಿ ಬಿಟ್ಟರೆ ಮೂರರ ಮುಂದೆ ಹೋಗಲಾರ. ನಲವತ್ತೆಂಟಕ್ಕೆ ಬಂದು, ಹಳ್ಳದ ಮುಂದೆ ನಿಂತ ಎತ್ತಿನ ಹಾಗೆ ನಿಂತುಬಿಡುವನು. ಅವ್ವ ಬೈಯಲಿಲ್ಲ. ಸುಮ್ಮನೆ ಅವನ ತಲೆ ಸವರುತ್ತಾ ಕೂತಳು, ಅದನ್ನು ನೋಡಿದಾಗ ನನಗೆ ಮೊದಲ ಸಲ ಸ್ವಲ್ಪ ಹೆದರಿಕೆಯಾಯಿತು.

ಆದರೆ ಕೆಂಪು ಮಣ್ಣಿನ ದಿಬ್ಬ ಏರಿ ಊರ ಬಾಗಿಲು ಕಂಡದ್ದೇ ತಡ, ಹೆದರಿಕೆಯೆಲ್ಲ ಎಲ್ಲಿ ಹೋಯಿತೋ. ರೈಲು ಇನ್ನೂ ಬಂದಿರದ ಬೀದರ ಅದು, ಆದರೂ ನನ್ನ ಕಣ್ಣಿಗೆ ಲೋಕದ ನಡುಮನೆ. ಟಾಂಗಾಗಳ ಗಂಟೆ, ಕುಶಲಗಾರರ ಸುತ್ತಿಗೆಯ ಟಕಟಕ, ತಂದೂರಿನ ರೊಟ್ಟಿಯ ವಾಸನೆ, ಮುಗಿಲಿಗೆ ಮುಟ್ಟಿದ ಮಿನಾರಿನ ಮೇಲೆ ನೀಲಿ ಹಸಿರು ಹೂಬಳ್ಳಿ. ತಂಗಿ ಅದನ್ನು ನೋಡಿ, "ಅಷ್ಟು ಎತ್ತರಕ್ಕ ಹಿಟ್ಟು ಹ್ಯಾಂಗ ಹಚ್ಚಿದ್ರು?" ಎಂದು ಕೇಳಿದಳು. ಅಪ್ಪ ನಕ್ಕ ನಗುವಿಗೆ ಎತ್ತುಗಳು ದಾರಿ ತಪ್ಪಿದವು.

ಮರುದಿನ ರವಿವಾರ. ಮಿಷನ್ನಿನವರ ಕಲ್ಲು ಕಟ್ಟಡದ ದೊಡ್ಡ ದೇವಾಲಯ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಚಾಪೆಯ ಮೇಲೆ. ತಮ್ಮ ಅಪ್ಪನ ಜೊತೆ ಆಚೆ, ನಾನು ತಂಗಿ ಅವ್ವನ ಜೊತೆ ಈಚೆ. ಮುಂದೆ ಬೋರ್ಡಿಂಗಿನ ಹುಡುಗಿಯರು ಒಂದೇ ತರಹದ ಬಿಳಿ ಸೀರೆಯಲ್ಲಿ ಸಾಲಾಗಿ ಕೂತಿದ್ದರು. ದೊರೆಸಾನಿ ಎತ್ತರದ ಕುರ್ಚಿಯ ಮೇಲೆ. ಒಬ್ಬರು ಹಾರ್ಮೋನಿಯಂ ಎಳೆದುಕೊಂಡು ಬಾರಿಸತೊಡಗಿದರು. ಎಲ್ಲರೂ ಎದ್ದು ನಿಂತರು.

ಬಂದದ್ದು ನಮ್ಮ ಹದಿನಾರರ ಮಗ್ಗಿ.

ಅದೇ ಏರು, ಅದೇ ಮೇಲೆ ನಿಲ್ಲುವ ಗಳಿಗೆ, ಅದೇ ಇಳಿತ. ನನ್ನ ಎದೆ ಹಿಗ್ಗಿತು. ಇಷ್ಟು ದೊಡ್ಡ ಊರಿನವರೂ ನಮ್ಮ ಅವ್ವನ ಮಗ್ಗಿ ಕಲಿತಿದ್ದಾರಲ್ಲ, ಪರೀಕ್ಷೆ ಇವತ್ತೇ ಇಟ್ಟರೇನೋ ಎಂದುಕೊಂಡೆ. ಔರಾದಿನ ಗಂಟಲು ಏನೆಂದು ತೋರಿಸೋಣವೆಂದು, ಬಾಯಿ ತೆರೆದು ಹಾಡಿದೆ. "ಹದಿನಾರೊಂದ್ಲೆ ಹದಿನಾರು, ಹದಿನಾರೆರಡ್ಲೆ ಮೂವತ್ತೆರಡು..." ತಂಗಿ ನನಗಿಂತ ಜೋರು, ಕೈ ಚಪ್ಪಾಳೆ ಬೇರೆ. ಗಂಡಸರ ಕಡೆಯಿಂದ ತಮ್ಮನ ಸೀಳುದನಿ ಬಂದು ಕೂಡಿತು. ಮೂರೂ ಜನ ಒಬ್ಬರನ್ನೊಬ್ಬರು ನೋಡದೆಯೇ ಒಟ್ಟಿಗೆ ಹಾಡಿದೆವು, ಕಲಿಸಿದ ಪಾಠ ಹಾಗಿತ್ತು.

ಅಕ್ಕಪಕ್ಕದವರು ಬೇರೇನೋ ಹಾಡುತ್ತಿದ್ದರು. ಕರುಣೆ, ಕುರಿಮರಿ, ಏನೋ. ಪಾಪ, ಇವರಿಗೆ ಮಗ್ಗಿ ಸರಿಯಾಗಿ ಬರುವುದಿಲ್ಲ ಎಂದುಕೊಂಡು ಇನ್ನಷ್ಟು ಎತ್ತರಿಸಿದೆ. ಒಬ್ಬೊಬ್ಬರೇ ನಿಲ್ಲಿಸಿದರು. ಕಡೆಗೆ ಆ ಕಲ್ಲಿನ ಗೋಡೆಗಳ ನಡುವೆ ಹಾರ್ಮೋನಿಯಂ ಮತ್ತು ನಾವು ಮಾತ್ರ ಉಳಿದೆವು. "ಹದಿನಾರೈದ್ಲೆ ಎಂಬತ್ತು" ಎಂಬುದು ಮೇಲಿನ ತೊಲೆಗೆ ಬಡಿದು ವಾಪಸು ಬಂತು. ಆಗ ನಾನು ಅವ್ವನ ಕಡೆ ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಪ್ಪ ಆಚೆ ರುಮಾಲಿನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೋರ್ಡಿಂಗಿನ ಹುಡುಗಿಯರ ಸಾಲಿನಲ್ಲಿ ಭುಜಗಳು ಕುಲುಕುತ್ತಿದ್ದವು, ತಂಗಿ ಮಾತ್ರ ನೂರಾ ಅರವತ್ತು ಮುಟ್ಟಿಸಿಯೇ ಕೂತಳು.

ಹೊರಗೆ ಬಾಗಿಲಲ್ಲಿ ದೊರೆಸಾನಿ ನಿಂತಿದ್ದರು. ಅವರದು ಪುಸ್ತಕ ಓದಿದಂಥ ಕನ್ನಡ. "ನಾಳೆ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಬನ್ನಿ," ಎಂದು ಅಪ್ಪನಿಗೆ ಹೇಳಿದರು. ಎರಡು ಹೆಜ್ಜೆ ಹೋಗಿ ತಿರುಗಿ, "ಅವರ ಬಟ್ಟೆಯ ಗಂಟನ್ನೂ ತನ್ನಿ," ಅಂದರು.

ಆ ಧಾಟಿಗೆ ದೇವರ ಮಾತುಗಳಿದ್ದವು ಎಂಬುದು ಅಪ್ಪನಿಗೂ ಗೊತ್ತಿತ್ತು. ಆದರೆ ಮನೆಯಲ್ಲಿ ಅವ್ವ ಆ ಮಾತು ಒಮ್ಮೆಯೂ ಹಾಡಿರಲಿಲ್ಲ, ಯಾಕೆಂದು ಅಪ್ಪನೂ ಕೇಳಿರಲಿಲ್ಲ. ಆ ಸಂಜೆಯೂ ಕೇಳಲಿಲ್ಲ. ಅವ್ವ ನಮ್ಮ ಬಟ್ಟೆ ಮಡಚಿ ಗಂಟು ಕಟ್ಟಿದಳು. ಕಟ್ಟಿ ಮತ್ತೆ ಬಿಚ್ಚಿದಳು. ಮತ್ತೆ ಕಟ್ಟಿದಳು.

ಸೋಮವಾರ ಬೋರ್ಡಿಂಗಿನ ಗೇಟಿನ ಮುಂದೆ ಬಂಡಿ ನಿಂತಾಗ ಅವ್ವ ಒಳಗೆ ಬರಲಿಲ್ಲ. "ನೀವು ಹೋಗ್ರಿ, ನಾ ಇಲ್ಲೇ ಇರ್ತೇನಿ," ಎಂದು ಬಂಡಿಯ ಮೂಕಿ ಹಿಡಿದು ನಿಂತಳು. ಪಂತೋಜಿಯೇ ಇಲ್ಲದ ಪರೀಕ್ಷೆ ಎಂಥದ್ದು ಎಂದು ನನಗೆ ಸಿಟ್ಟು ಬಂತು. ಅಪ್ಪ ನಮ್ಮನ್ನು ಕರೆದುಕೊಂಡು ಒಳಗೆ ನಡೆದ.

ಪಡಸಾಲೆಯಲ್ಲಿ ಪರೀಕ್ಷೆ. ದೊರೆಸಾನಿ ಸತ್ಯವೇದದಲ್ಲಿ ತೋರಿಸಿದ ಪುಟವನ್ನು ನಾನು ಗಡಗಡ ಓದಿದೆ, ಲೆಕ್ಕ ಮಾಡಿದೆ. ಔರಾದಿನಿಂದ ಡಾಬಕಾದವರೆಗೆ ಯಾವ ಊರು, ಯಾವ ಹಳ್ಳ ಎಂದು ಅಪ್ಪನ ತಿರುಗಾಟದ ದಾರಿಯನ್ನೆಲ್ಲ ಒಪ್ಪಿಸಿದೆ. ದೊರೆಸಾನಿ ತಲೆಯಾಡಿಸಿದರು. ತಂಗಿಗೆ ಹಲಗೆ ಬಳಪ ಕೊಟ್ಟರು. ಅವಳು ಬಳಪ ಬದಿಗಿಟ್ಟು, ಹಲಗೆಯ ಮೇಲೆ ಬೆರಳಿಂದ ಬರೆದು, ಏನೂ ಮೂಡದ್ದು ನೋಡಿ ಅಳಲು ಸಿದ್ಧಳಾದಳು.

"ಅಕೀಗಿ ಹಿಟ್ಟು ಬೇಕ್ರಿ," ಅಂದೆ ನಾನು.

"ಏನು ಬೇಕು?"

"ಜ್ವಾಳದ ಹಿಟ್ರಿ. ನಮ್ಮ ಸಾಲ್ಯಾಗ ಹಿಟ್ಟಿನ ಮ್ಯಾಲೇ ಬರೀತೇವ್ರಿ."

ದೊರೆಸಾನಿ ನನ್ನನ್ನು ಒಂದು ಗಳಿಗೆ ನೋಡಿ, ಅಡುಗೆಮನೆಯಿಂದ ಹಿಟ್ಟು ತರಿಸಿದರು. ತಂಗಿ ಮೂಗಿನ ತುದಿಗೆ ಹಿಟ್ಟು ಮಾಡಿಕೊಂಡು ಅಕ್ಷರಮಾಲೆ ಪೂರಾ ಬರೆದಳು. ನನಗೆ ಕುಣಿಯುವ ಹಾಗಾಯಿತು. ಇನ್ನು ಉಳಿದವನು ತಮ್ಮ ಒಬ್ಬ.

"ಹದಿನಾರೇಳಲೆ ಎಷ್ಟು?" ಎಂದು ಕೇಳಿದರು. ಅವನು ಕಣ್ಣು ಮುಚ್ಚಿದ್ದೇ ತಡ, "ಹಾಡಬಾರದು. ಅದು ದೇವರ ಹಾಡು. ಹೇಳು," ಅಂದರು.

ತಮ್ಮನ ತುಟಿಗಳು ಗಟ್ಟಿಯಾಗಿ ಮುಚ್ಚಿಕೊಂಡವು. ಮೂಲೆಯಲ್ಲಿ ನಮ್ಮ ಬಟ್ಟೆಯ ಗಂಟು ಕೂತಿತ್ತು. ಗೇಟಿನಾಚೆ ಅವ್ವನ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ತಮ್ಮನ ಕಾಲಿನ ಹೆಬ್ಬೆರಳು ನೆಲದ ಮೇಲೆ ಆಡುತ್ತಿತ್ತು, ಆದರೆ ಮೂರಕ್ಕೆ ಬಂದು ನಿಂತುಬಿಟ್ಟಿತು. ನಲವತ್ತೆಂಟರ ಹಳ್ಳ ಅವನಿಗೆ ದಾಟಲಾಗಲಿಲ್ಲ.

ಆಗ ಹಿಂದಿನ ಕಿಟಕಿಯಿಂದ ಗುನುಗು ಕೇಳಿತು. ಮೊದಲು ಒಂದೇ ದನಿ. ಬಾಯಿ ಮುಚ್ಚಿ, ಮೂಗಿನಲ್ಲಿ, ಬರೀ ಧಾಟಿ. ಆಮೇಲೆ ಎರಡು, ಆಮೇಲೆ ಕೋಣೆಗೆ ಕೋಣೆಯೇ. ಬೋರ್ಡಿಂಗಿನ ಹುಡುಗಿಯರು. ತಮ್ಮನ ಹೆಬ್ಬೆರಳು ಮತ್ತೆ ಆಡಿತು. ಅವನು ಬಾಯಿ ಬಿಡಲಿಲ್ಲ, ಕಣ್ಣು ಬಿಟ್ಟ.

"ನೂರಾ ಹನ್ನೆರಡ್ರಿ," ಅಂದ.

ದೊರೆಸಾನಿ ಎದ್ದು ಕಿಟಕಿಯ ಕಡೆ ತಿರುಗಿದರು. ಗುನುಗು ನಿಂತಿತು. "ನಿನ್ನೆಯಿಂದ ಈ ಮನೆಯಲ್ಲಿ ಆ ಹಾಡಿನ ಮಾತುಗಳನ್ನು ಒಬ್ಬರೂ ಹಾಡಿಲ್ಲ," ಎಂದು ಅಪ್ಪನಿಗೆ ಹೇಳಿದರು. "ನೀರು ಸೇದುವಾಗ ಹದಿನಾರು. ಪಾತ್ರೆ ತಿಕ್ಕುವಾಗ ಹದಿನಾರು. ಇವತ್ತು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ನಾನೂ ಎಂಬತ್ತರವರೆಗೆ ಹೋಗಿದ್ದೆ."

ಮೊದಲು ನಕ್ಕವರು ಅವರೇ. ಕಿಟಕಿಯ ಹಿಂದಿನಿಂದ ನಗು ಅಣೆಕಟ್ಟೆ ಒಡೆದಂತೆ ನುಗ್ಗಿತು. "ಮಕ್ಕಳನ್ನು ಕರೆದುಕೊಂಡು ಹೋಗಿ," ಎಂದರು ಕಣ್ಣೊರೆಸಿಕೊಳ್ಳುತ್ತಾ. "ಮುಂದಿನ ವರ್ಷ ಮತ್ತೆ ಕರೆತನ್ನಿ. ಆದರೆ ತಾಯಿಗೆ ಹೇಳಿ, ಈ ಹಾಡುಗಳಿಗೆ ಮಾತುಗಳೂ ಇವೆ. ಅವನ್ನೂ ಕಲಿಸಲಿ."

ನಾನು ಗಂಟು ಎತ್ತಿಕೊಂಡು ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ನೋಡಲಿಲ್ಲ. "ಅವ್ವಾ, ಪಾಸ್ ಆದ್ವಿ, ಮೂರೂ ಮಂದಿ," ಎಂದು ಗೇಟಿನಿಂದಲೇ ಕೂಗಿದೆ. ಅವ್ವ ತಂಗಿಯನ್ನು ಎತ್ತಿ ಬಂಡಿಯಲ್ಲಿ ಇಟ್ಟಳು. ತಮ್ಮನನ್ನು ಎತ್ತಿ ಇಟ್ಟಳು. ಆಮೇಲೆ ನನ್ನನ್ನೂ ಎತ್ತಿದಳು, ಅವಳ ಭುಜಕ್ಕೆ ಬಂದಿದ್ದ ನನ್ನನ್ನು. ಅಪ್ಪ ಹೋಗಿ ನನ್ನ ಚಪ್ಪಲಿ ಹುಡುಕಿ ತಂದ.

ವಾಪಸು ಔರಾದಿನ ನೇರ ದಾರಿ ಹಿಡಿದೆವು. ದಿಬ್ಬ ಇಳಿಯುವಾಗ ಬಲಗಡೆ ದೂರದಲ್ಲಿ ಅಷ್ಟೂರಿನ ಗುಮ್ಮಟಗಳು ಜೋಳದ ಹೊಲದ ನಡುವೆ ಕಾಣುತ್ತಿದ್ದವು. ಹುರುಪಿಗೆ ನನ್ನ ಬಾಯಿ ನಿಲ್ಲುತ್ತಿರಲಿಲ್ಲ. ದೊರೆಸಾನಿ ಹೇಳಿದ್ದನ್ನು ಮೂರನೆಯ ಸಲ ಹೇಳುತ್ತಾ, "ಮಾತು ಗೊತ್ತಿದ್ದೂ ಯಾಕ ಕಲಿಸಲಿಲ್ಲವ್ವಾ? ಕಲಿಸಿದ್ರ ಮರ್ಯಾದಿ ಹೋಗ್ತಿದ್ದಿಲ್ಲ," ಎಂದೆ.

ಅವ್ವ ಗುಮ್ಮಟಗಳ ಕಡೆ ನೋಡುತ್ತಾ ಹೇಳಿದಳು. "ನಿನ್ನ ತಂಗಿಯಷ್ಟು ಇದ್ದೆ ನಾ. ಊರಾಗ ಪ್ಲೇಗ ಬಂದಿತ್ತು, ನಮ್ಮವ್ವ ಹೋಗಿದ್ಳು. ನಮ್ಮಪ್ಪ ಇದೇ ಗೇಟಿನ ಮುಂದ ನನ್ನನ್ನ ಬಂಡಿಯಿಂದ ಇಳಿಸಿ, ಜ್ವಾಳ ಕಿತ್ತ ಮ್ಯಾಲ ಬರ್ತೇನಿ ಅಂದ. ಬರಲಿಲ್ಲ. ಅಂವಾನೂ ಉಳೀಲಿಲ್ಲಂತ ಆಮ್ಯಾಲ ಗೊತ್ತಾತು. ಗೊತ್ತಾದ ಮ್ಯಾಲೂ ಗೇಟ ನೋಡೋದು ಬಿಡಲಿಲ್ಲ ನಾ. ದಿನಾ ಸಂಜಿಕ ಅದೇ ಗೇಟಿನ ಎದುರಿಗಿ ನಮ್ಮನ್ನ ನಿಲ್ಲಿಸಿ ಆ ಹಾಡು ಹಾಡಿಸ್ತಿದ್ರು. ಹಾಡು ಚಲೋ ಅವ. ಆದ್ರ ಆ ಮಾತು ಬಾಯಾಗ ಬಂದ್ರ ನನಗ ಗೇಟ ಕಾಣ್ತದ. ಅದಕ್ಕ ಮಾತು ತಗದು ಮಗ್ಗಿ ಹಾಕಿದೆ."

ಅಪ್ಪ ಎತ್ತುಗಳನ್ನು ನಿಲ್ಲಿಸಿದ್ದ. ಅವನಿಗೂ ಇದು ಗೊತ್ತಿರಲಿಲ್ಲವೆಂದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು. ನನಗೆ ಅಳು ಬಂತು. ಅಷ್ಟು ಖುಷಿಯ ದಿನ, ಅಷ್ಟು ಅಳು, ಎರಡೂ ಒಂದೇ ಎದೆಯಲ್ಲಿ ಹೇಗೆ ಹಿಡಿಸಿತೋ ಇವತ್ತಿಗೂ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಬಂಡಿ ಮತ್ತೆ ಹೊರಟಿತು. ಅವ್ವ ಕೈ ಚಾಚಿದಳು. ನನ್ನ ತಲೆ, ತಮ್ಮನ ತಲೆ, ತಂಗಿಯ ತಲೆ. "ಎಲ್ಲಾರೂ ಅದೀರೇನು?"

"ಅದೀವವ್ವಾ," ಎಂದೆ. ರೇಗಲಿಲ್ಲ.

ತಂಗಿ ಮಾತ್ರ ಮುಖ ಗಂಟಿಕ್ಕಿಕೊಂಡು ಏನೋ ಯೋಚಿಸಿದಳು. ಮೊಣಕಾಲೂರಿ ಎದ್ದು, ಇನ್ನೂ ಹಿಟ್ಟು ಮೆತ್ತಿದ್ದ ಕೈಯನ್ನು ಅವ್ವನ ತಲೆಯ ಮೇಲೆ ಇಟ್ಟು, "ಅವ್ವನೂ ಅದಾಳ," ಅಂದಳು.